ಮನೆಯಿಂದಲೇ ಮತ: ನೆರವಾಗುವವರಿಗೆ ಒಂದು ಪಾಠ



ಕಾಯಿಲೆಯಿಂದ ದೇವಾಲಯಕ್ಕೆ ಬರಲಾಗದವರಿಗೆ ಪರಮಪ್ರಸಾದವನ್ನು ಮನೆಗೆ ಒಯ್ಯುವ ರೂಢಿ ನಮ್ಮಲ್ಲಿ ಹೊಸದಲ್ಲ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಕಣ್ಣು ಕಾಣಿಸದು, ಯಾರು ಕೋಲಿಲ್ಲದೆ ಎರಡು ಹೆಜ್ಜೆ ಇಡಲಾರರು ಎಂಬುದು ನಮಗೆಲ್ಲ ಗೊತ್ತು. ಆದರೆ ಚುನಾವಣೆ ಬಂತೆಂದರೆ ಇದೇ ಜನ ನಮ್ಮ ಲೆಕ್ಕದಿಂದ ಜಾರಿಬಿಡುತ್ತಾರೆ. ‘ಅವರಿಗೆಲ್ಲಿ ಆಗತೈತಿ ಬಿಡ್ರಿ’ ಎಂದು ಮನೆಯವರು ಅನ್ನುತ್ತಾರೆ, ನಾವೂ ಹೌದೆನ್ನುತ್ತೇವೆ. ತಡವಳ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ಮತ ಹಾಕುವುದು ಕ್ರೈಸ್ತನಿಗೆ ಬರೀ ಹಕ್ಕಲ್ಲ, ಕರ್ತವ್ಯವೂ ಹೌದು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2240ನೇ ಅಂಕಣ ತೆರಿಗೆ ಕೊಡುವುದನ್ನೂ ಮತ ಚಲಾಯಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಲ್ಲಿ ಕಾಲಿದ್ದವರಿಗೆ ಒಂದು, ಇಲ್ಲದವರಿಗೆ ಇನ್ನೊಂದು ಎಂಬ ಭೇದವಿಲ್ಲ. ಹಾಗಿದ್ದ ಮೇಲೆ ಮನೆ ಬಿಟ್ಟು ಹೋಗಲಾಗದವರು ಆ ಕರ್ತವ್ಯವನ್ನು ಹೇಗೆ ಮಾಡಬೇಕು, ನಾವು ಅದಕ್ಕೆ ಹೇಗೆ ಕೈಗೂಡಿಸಬೇಕು, ಎಲ್ಲಿ ಕೈ ಹಿಂದೆ ತೆಗೆಯಬೇಕು ಎಂಬುದನ್ನು ಈ ಸಲ ಕಲಿಯೋಣ.

ಕಾನೂನು ಏನನ್ನುತ್ತದೆ

ನಮ್ಮ ದೇಶದಲ್ಲಿ ಅಂಚೆ ಮತ ಬಹುಕಾಲ ಸೈನಿಕರಿಗೆ, ಚುನಾವಣಾ ಕೆಲಸದ ಮೇಲಿದ್ದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ಇತ್ತು. 1961ರ ಚುನಾವಣಾ ನಿಯಮಗಳನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ತಿದ್ದಿತು. ಅಲ್ಲಿಂದ ಮುಂದೆ 80 ವರ್ಷ ದಾಟಿದ ಹಿರಿಯರೂ ಅಂಗವಿಕಲರೂ ಮನೆಯಲ್ಲೇ ಅಂಚೆ ಮತಪತ್ರದ ಮೂಲಕ ಮತ ಹಾಕುವ ದಾರಿ ತೆರೆಯಿತು. ಅದೇ ವರ್ಷ ಜಾರ್ಖಂಡಿನ ಕೆಲವು ಕ್ಷೇತ್ರಗಳಲ್ಲಿ ಇದನ್ನು ಮೊದಲು ನಡೆಸಿ ನೋಡಿದರು. ಕಾನೂನಿನ ಭಾಷೆಯಲ್ಲಿ ಇಂಥವರಿಗೆ ‘ಗೈರುಹಾಜರಿ ಮತದಾರರು’ ಎಂದು ಹೆಸರು. ಹಗಲೂ ರಾತ್ರಿ ಮನೆಯಲ್ಲೇ ಇರುವವರಿಗೆ ಗೈರುಹಾಜರಿ ಎನ್ನುವುದು ವಿಚಿತ್ರವಾಗಿ ಕೇಳಿಸುತ್ತದೆ. ಅವರು ಗೈರಾಗಿರುವುದು ಮತಗಟ್ಟೆಗೆ ಮಾತ್ರ.

ಹಿಮಾಚಲ ಪ್ರದೇಶದ ಕಲ್ಪಾದಲ್ಲಿ ಶ್ಯಾಮ್ ಸರನ್ ನೇಗಿ ಎಂಬ ಶಿಕ್ಷಕರಿದ್ದರು. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ, 1951ರ ಅಕ್ಟೋಬರಿನಲ್ಲಿ, ಎಲ್ಲರಿಗಿಂತ ಮೊದಲು ಮತ ಹಾಕಿದವರು ಅವರೆಂದು ಪ್ರಸಿದ್ಧಿ. 106ನೆಯ ವಯಸ್ಸಿನಲ್ಲಿ, 2022ರ ನವೆಂಬರ್ 2ರಂದು, ಅವರು ಮನೆಯಲ್ಲೇ ಅಂಚೆ ಮತ ಹಾಕಿದರು. ಮೂರು ದಿನಕ್ಕೆ ತೀರಿಕೊಂಡರು. ‘ಈ ವಯಸ್ಸಿನಾಗ ಯಾಕ’ ಎಂದು ಕೇಳುವವರಿಗೆ ಅವರ ಸಂಗತಿ ಹೇಳಬಹುದು.

ನಮ್ಮ ಕಡೆ ಒಂದು ಗೊಂದಲ ಹೊಳೆಯಾಚೆಯಿಂದ ಬಂದಿದೆ. 2023ರ ಮೇ ತಿಂಗಳ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆಲ್ಲ ಈ ಸೌಲಭ್ಯವಿತ್ತು. ಇಂಡಿ, ವಿಜಯಪುರದ ಬೀಗರು ‘ನಮ್ಮ ಅಜ್ಜ ಮನ್ಯಾಗ ಕುಂತು ವೋಟ ಹಾಕ್ಯಾನ, ನಿಮ್ಮ ಅಜ್ಜಗ ಯಾಕಿಲ್ಲ?’ ಎಂದು ಕೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ 2024ರ ಮಾರ್ಚಿನಲ್ಲಿ ನಿಯಮವನ್ನು ಮತ್ತೆ ತಿದ್ದಿ ವಯಸ್ಸಿನ ಮಿತಿಯನ್ನು 80ರಿಂದ 85ಕ್ಕೆ ಏರಿಸಿದರು. ಹಾಗಾಗಿ ಆ ವರ್ಷದ ಮೇ 7ರಂದು ಭೀಮೆಯ ಎರಡೂ ದಂಡೆಗಳಲ್ಲಿ ಒಂದೇ ದಿನ ಲೋಕಸಭೆಗೆ ಮತದಾನ ನಡೆದಾಗ, ಆ ದಂಡೆಯ 82ರ ಅಜ್ಜನಿಗೂ ಈ ದಂಡೆಯ 82ರ ಅಜ್ಜನಿಗೂ ವಯಸ್ಸಿನ ಮೇಲೆ ಈ ಸೌಲಭ್ಯ ಸಿಗಲಿಲ್ಲ.

ಅಂಗವೈಕಲ್ಯ ಇದ್ದವರಿಗೆ ಮಾತ್ರ ವಯಸ್ಸಿನ ಮಾತೇ ಇಲ್ಲ. ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿದೆ ಎಂಬ ಸರ್ಕಾರಿ ದಾಖಲೆ ಇದ್ದರೆ 18 ತುಂಬಿದ ಹುಡುಗಿಗೂ ಹಕ್ಕಿದೆ, 82ರ ಅಜ್ಜನಿಗೂ ಇದೆ. ಇದು ಬರೀ ಕೈಕಾಲಿನ ಮಾತೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ. ಕುಷ್ಠರೋಗ ವಾಸಿಯಾದವರು, ಪಾರ್ಕಿನ್ಸನ್ ಕಾಯಿಲೆಯವರು, ಕಿವಿ ಕೇಳದವರು, ಬುದ್ಧಿ ಬೆಳವಣಿಗೆ ಕಡಿಮೆ ಇರುವವರು ಎಲ್ಲರೂ ಅದರಲ್ಲಿ ಬರುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ದಾಖಲೆಯನ್ನು ಮಾಡಿಸಿಯೇ ಇಲ್ಲ, ‘ವಯಸ್ಸಾತು, ಹಂಗ ಇರ್ತೈತಿ’ ಎಂದು ಬಿಟ್ಟಿರುತ್ತಾರೆ.

ಐದು ದಿನದ ಲೆಕ್ಕ

ಮನೆಯಿಂದ ಮತ ಹಾಕಲು ಬೇಕಾದ ಅರ್ಜಿಯ ಹೆಸರು ನಮೂನೆ 12ಡಿ. ಅದನ್ನು ಬಿ.ಎಲ್.ಒ. ಮನೆಗೇ ತಂದು ಕೊಡುತ್ತಾರೆ. ಬಿ.ಎಲ್.ಒ. ಎಂದರೆ ಬೇರೆ ಯಾರೋ ಅಲ್ಲ, ಬಹಳ ಊರುಗಳಲ್ಲಿ ನಮ್ಮ ಶಾಲೆಯ ಗುರುಗಳೋ ಅಂಗನವಾಡಿಯ ಬಾಯಿಯೋ ಆಗಿರುತ್ತಾರೆ. ಅರ್ಜಿಯಲ್ಲಿ ಹೆಸರು, ವಿಳಾಸ, ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆದು, ಅಂಗವಿಕಲರಾಗಿದ್ದರೆ ದಾಖಲೆಯ ಪ್ರತಿ ಸೇರಿಸಿ ಕೊಡಬೇಕು. ಅರ್ಜಿ ಬಂದದ್ದು ಮರಾಠಿಯಲ್ಲಿದ್ದರೆ ‘ಮತದಾರ ಯಾದಿ’ ಎಂದರೆ ಮತದಾರರ ಪಟ್ಟಿ, ‘ದಿವ್ಯಾಂಗ’ ಎಂದರೆ ಅಂಗವಿಕಲ, ‘ಟಪಾಲಿ ಮತಪತ್ರಿಕಾ’ ಎಂದರೆ ಅಂಚೆ ಮತಪತ್ರ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಈ ಮೂರು ಶಬ್ದ ತಿಳಿಸಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಅರ್ಜಿಯ ಗಡುವಿನಲ್ಲೇ ನಾವು ಮುಗ್ಗರಿಸುವುದು. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ಅರ್ಜಿ ಸೇರಬೇಕು. ಮತದಾನದ ದಿನಕ್ಕೆ ಐದು ದಿನ ಮುಂಚೆ ಎಂದು ತಪ್ಪು ತಿಳಿದವರು ಬಹಳ ಜನ.

2024ನ್ನೇ ತೆಗೆದುಕೊಂಡು ನೋಡಿ. ಮಹಾರಾಷ್ಟ್ರ ವಿಧಾನಸಭೆಗೆ ಮತದಾನ ನವೆಂಬರ್ 20. ಅಧಿಸೂಚನೆ ಹೊರಟಿದ್ದು ಅಕ್ಟೋಬರ್ 22, ಮಂಗಳವಾರ. ಅದಾದ ಮೇಲಿನ ಮೊದಲ ಭಾನುವಾರ ಅಕ್ಟೋಬರ್ 27. ಅಂದು ಬಲಿಪೂಜೆ ಮುಗಿದ ಮೇಲೆ ಪ್ರಕಟಣೆ ಓದಿದರೆ ಕೇಳಿದವರು ಮನೆ ಮುಟ್ಟುವಷ್ಟರಲ್ಲಿ ಐದನೆಯ ದಿನವೂ ಅರ್ಧ ಕಳೆದಿರುತ್ತದೆ. ಲೋಕಸಭೆಯ ಸಲ ಸ್ವಲ್ಪ ಉಸಿರಾಡಲು ಜಾಗವಿತ್ತು: ನಮ್ಮ ಸೊಲ್ಲಾಪುರ ಕ್ಷೇತ್ರದ ಅಧಿಸೂಚನೆ ಏಪ್ರಿಲ್ 12ರ ಶುಕ್ರವಾರ ಹೊರಟಿತು, ನಡುವೆ 14ರ ಭಾನುವಾರ ಸಿಕ್ಕಿತು. ಆದರೂ ಒಂದೇ ಭಾನುವಾರ. ಅಂದು ಮಳೆಯೋ ಮದುವೆಯೋ ಇದ್ದರೆ ಅದೂ ಹೋಯಿತು.

ಆದ್ದರಿಂದ ಅಧಿಸೂಚನೆಗೆ ಕಾಯಬಾರದು. ಚುನಾವಣಾ ಆಯೋಗ ವೇಳಾಪಟ್ಟಿಯನ್ನು ಅದಕ್ಕೂ ಮುಂಚೆಯೇ ಪ್ರಕಟಿಸುತ್ತದೆ. ವಿಧಾನಸಭೆಯದನ್ನು ಅಕ್ಟೋಬರ್ 15ಕ್ಕೆ, ಲೋಕಸಭೆಯದನ್ನು ಮಾರ್ಚ್ 16ಕ್ಕೆ ಹೇಳಿತ್ತು. ಟಿ.ವಿ.ಯಲ್ಲಿ ಆ ಸುದ್ದಿ ಬಂದ ವಾರದ ಭಾನುವಾರವೇ ನಮ್ಮ ಪ್ರಕಟಣೆ ಆಗಬೇಕು, ಆ ವಾರವೇ ಬಿ.ಎಲ್.ಒ. ಅವರನ್ನು ಕಂಡು ಬರಬೇಕು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಇಟ್ಟುಕೊಳ್ಳಿ. ಒಂದು ಚುನಾವಣೆಗೆ ಕೊಟ್ಟ ಅರ್ಜಿ ಮುಂದಿನದಕ್ಕೆ ಸಲ್ಲದು, ಪ್ರತಿ ಸಲ ಹೊಸದಾಗಿಯೇ ಕೊಡಬೇಕು.

ನಾವು ಮಾಡಿದ ತಪ್ಪು

ಇದನ್ನೆಲ್ಲ ಓದಿ ಹುರುಪಿನಿಂದ ಮನೆ ಮನೆಗೆ ಅರ್ಜಿ ತುಂಬಿಸಲು ಹೊರಡುವವರಿಗೆ ನಮ್ಮದೇ ಒಂದು ಸಂಗತಿ ಹೇಳಬೇಕು. ಹೆಸರು, ಊರು ಬೇಡ.

ಚಿಕ್ಕಂದಿನಲ್ಲೇ ಪೋಲಿಯೋ ಬಂದು ಒಂದು ಕಾಲು ಸೋತ ಅಮ್ಮ ಒಬ್ಬರಿದ್ದರು. ದಾಖಲೆ ಇತ್ತು, ಪಟ್ಟಿಯಲ್ಲಿ ಹೆಸರೂ ಇತ್ತು. ನಾವು ಹೋದಾಗ ಅವರು ಒಳಗೆ ಮಲಗಿದ್ದರು. ಮಗನ ಜೊತೆ ಪಡಸಾಲೆಯಲ್ಲಿ ಕೂತು ಅರ್ಜಿ ತುಂಬಿದೆವು. ಮಗ ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ನಾವು ಚಹಾ ಕುಡಿದು ಒಂದು ಒಳ್ಳೆಯ ಕೆಲಸ ಆಯಿತೆಂದು ಎದ್ದೆವು. ಮುಂದೆ ಅಧಿಕಾರಿಗಳು ಬಂದರು, ಅಮ್ಮ ಮತ ಹಾಕಿದರು, ಎಲ್ಲ ನಿಯಮದಂತೆ ನಡೆಯಿತು. ಆಮೇಲೆ ಒಂದು ದಿನ ಅವರನ್ನು ಕಂಡಾಗ ಅವರು ಹೇಳಿದ್ದು ಇಷ್ಟೇ: ‘ಯಪ್ಪಾ, ಪ್ರತಿ ಸಲಾ ಸಾಲಿಗೆ ಹೋಗಿ ಹಾಕತಿದ್ದೆ. ಟಂಟಂದಾಗ ಕರಕೊಂಡ ಹೋಗತಿದ್ರು. ಆ ಒಂದ ದಿನಾ ನಾಕ ಮಂದಿ ಮಾರಿ ನೋಡತಿದ್ದೆ. ನನ್ನ ಒಂದ ಮಾತ ಕೇಳಬೇಕಿತ್ತಿಲ್ಲೋ?’

ನಮಗೆ ಉತ್ತರ ಹೊಳೆಯಲಿಲ್ಲ.

ಮನೆಯ ಮತ ಎನ್ನುವುದು ಆಯ್ಕೆ, ಕಡ್ಡಾಯವಲ್ಲ. ಒಮ್ಮೆ ಅರ್ಜಿ ಮಂಜೂರಾಯಿತೆಂದರೆ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಅಂಚೆ ಮತವೆಂದು ಗುರುತು ಬೀಳುತ್ತದೆ. ಆಮೇಲೆ ಮತಗಟ್ಟೆಗೆ ಹೋದರೂ ಅಲ್ಲಿ ಮತ ಹಾಕಲು ಬಿಡುವುದಿಲ್ಲ, ಮನಸ್ಸು ಬದಲಾಯಿಸಿ ಹಿಂದೆ ಬರಲು ದಾರಿಯಿಲ್ಲ. ಅದಕ್ಕೇ ಹೆಬ್ಬೆಟ್ಟಿಗಿಂತ ಮುಂಚೆ ಅವರನ್ನೇ ಕೇಳಬೇಕು: ಶಾಲೆಗೆ ಹೋಗುವಿರೋ, ಮನೆಯಲ್ಲೇ ಹಾಕುವಿರೋ? ಹೋಗುತ್ತೇನೆಂದರೆ ಅದಕ್ಕೂ ಏರ್ಪಾಡಿದೆ. ಮತಗಟ್ಟೆಯಲ್ಲಿ ಇಳಿಜಾರು ದಾರಿ ಇರಬೇಕು, ಗಾಲಿಕುರ್ಚಿ ಇರಬೇಕು, ಪಾಳಿಯಲ್ಲಿ ನಿಲ್ಲಿಸದೆ ಒಳಗೆ ಬಿಡಬೇಕು. ಆಯೋಗದ ಮೊಬೈಲ್ ಆ್ಯಪಿನಲ್ಲಿ ಗಾಲಿಕುರ್ಚಿಯನ್ನು ಮೊದಲೇ ಕೇಳಿಕೊಳ್ಳಬಹುದು, 1950ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಟಂಟಂ ಹಾಗೂ ಅದಕ್ಕೆ ಹತ್ತಿಸುವ ನಾಲ್ಕು ಕೈ ನಮ್ಮದು.

ಕಣ್ಣು ಕಾಣಿಸದವರ ವಿಷಯದಲ್ಲಿ ಇನ್ನೂ ಒಂದು ಯೋಚಿಸಬೇಕು. ಮತಗಟ್ಟೆಯ ಯಂತ್ರದ ಮೇಲೆ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿವೆ, ಅಭ್ಯರ್ಥಿಗಳ ಹೆಸರಿನ ಬ್ರೈಲ್ ಹಾಳೆಯನ್ನೂ ಅಲ್ಲಿ ಕೇಳಿ ಪಡೆಯಬಹುದು. ಬ್ರೈಲ್ ಬಲ್ಲವರು ಯಾರ ಹಂಗೂ ಇಲ್ಲದೆ ಒಬ್ಬರೇ ಮತ ಹಾಕಬಹುದು. ಮನೆಗೆ ಬರುವುದು ಕಾಗದದ ಮತಪತ್ರ, ಅದನ್ನು ಓದಿ ಹೇಳಲು ಇನ್ನೊಬ್ಬರ ಕಣ್ಣು ಬೇಕು. ಸೊಲ್ಲಾಪುರದಲ್ಲೋ ಬೇರೆಲ್ಲೋ ಅಂಧರ ಶಾಲೆಯಲ್ಲಿ ಓದಿ ಬಂದ, ಗಟ್ಟಿಯಾಗಿ ನಡೆಯಬಲ್ಲ ತರುಣನಿಗೆ ಮನೆಯ ಮತ ಕೊಡಿಸುವುದು ಉಪಕಾರವಲ್ಲ ಎಂದೇ ನಮ್ಮ ಅನಿಸಿಕೆ.

ಅಧಿಕಾರಿಗಳು ಬಂದ ದಿನ

ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೇವೆಂದು ಮೊದಲೇ ತಿಳಿಸುತ್ತಾರೆ. ಅಂದು ಮತದಾರರು ಮನೆಯಲ್ಲಿರಬೇಕು. ಸಿಗದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಸಿಗದಿದ್ದರೆ ಮತ್ತೆ ಬರುವುದಿಲ್ಲ, ಆ ಮತ ಅಲ್ಲಿಗೆ ಹೋಯಿತು. ಅಂದು ಸಿವಿಲ್ ಆಸ್ಪತ್ರೆಗೆ ಹೋಗುವುದಿದ್ದರೆ ಮುಂದೆ ಹಾಕಿ.

ಬರುವ ತಂಡದಲ್ಲಿ ಇಬ್ಬರು ಮತದಾನ ಅಧಿಕಾರಿಗಳು, ಒಬ್ಬ ವಿಡಿಯೋ ತೆಗೆಯುವವ, ಕಾವಲಿಗೆ ಪೊಲೀಸರು ಇರುತ್ತಾರೆ. ಅಭ್ಯರ್ಥಿಗಳಿಗೂ ಮೊದಲೇ ತಿಳಿಸಿರುತ್ತಾರಾದ್ದರಿಂದ ಅವರ ಕಡೆಯವರೂ ನೋಡಲು ಬಂದಿರಬಹುದು. ಸಣ್ಣ ಮನೆಗೆ ಇಷ್ಟು ಜನ, ಅದರಲ್ಲಿ ಪೊಲೀಸರು ನುಗ್ಗಿದರೆ ವಯಸ್ಸಾದವರು ಗಾಬರಿಯಾಗುತ್ತಾರೆ. ಹಿಂದಿನ ದಿನವೇ ಹೋಗಿ, ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಸಮಾಧಾನವಾಗಿ ಹೇಳಿ ಬನ್ನಿ. ಗೋಡೆಯ ಮೂಲೆಯಲ್ಲಿ ಒಂದು ಮೇಜೋ ಡಬ್ಬಿಯೋ ಇಟ್ಟು, ಬರೆಯುವವರ ಬೆನ್ನ ಹಿಂದೆ ಯಾರೂ ನಿಲ್ಲದಂತೆ ಜಾಗ ಮಾಡಿ. ವಿಡಿಯೋ ತೆಗೆಯುವುದು ಕ್ರಮ ಸರಿಯಿದೆಯೇ ಎಂದು ತೋರಿಸಲು; ಗುರುತು ಹಾಕುವುದನ್ನು ತೆಗೆಯುವಂತಿಲ್ಲ.

ಮತಪತ್ರದಲ್ಲಿ ಒಬ್ಬರ ಹೆಸರಿನ ಮುಂದೆ ಮಾತ್ರ ಗುರುತು ಹಾಕಬೇಕು. ಇಬ್ಬರ ಮುಂದೆ ಹಾಕಿದರೂ, ಮತಪತ್ರದ ಮೇಲೆ ಸಹಿ ಮಾಡಿದರೂ ಅದು ಕುಲಗೆಡುತ್ತದೆ. ಮಡಿಸಿದ ಮತಪತ್ರ ಸಣ್ಣ ಲಕೋಟೆಗೆ ಹೋಗಬೇಕು, ಅದನ್ನು ಅಂಟಿಸಬೇಕು. ಮತದಾರರ ಘೋಷಣೆಯ ಕಾಗದ ಬೇರೆ, ಅದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಬೇಕು. ಸಣ್ಣ ಲಕೋಟೆಯನ್ನೂ ಘೋಷಣೆಯನ್ನೂ ದೊಡ್ಡ ಲಕೋಟೆಯಲ್ಲಿ ಜೊತೆಗೆ ಇಡಬೇಕು. ಘೋಷಣೆಯನ್ನು ಸಣ್ಣ ಲಕೋಟೆಯೊಳಗೆ ತುರುಕಬಾರದು. ಅಧಿಕಾರಿಗಳು ತೋರಿಸಿ ಕೊಡುತ್ತಾರೆ, ಆದರೂ ನೋಡಿಕೊಳ್ಳಿ.

ಕಣ್ಣು ಕಾಣಿಸದಿದ್ದರೆ, ಕೈ ನಡುಗಿ ಬರೆಯಲಾಗದಿದ್ದರೆ, ತಾವು ನಂಬಿದ 18 ದಾಟಿದ ಒಬ್ಬರ ನೆರವನ್ನು ಮತದಾರರು ಪಡೆಯಬಹುದು. ಆ ಒಬ್ಬರು ಯಾರೆಂದು ಹೇಳುವುದು ಮತದಾರರೇ. ಮಗ ಇದ್ದರೂ ಮೊಮ್ಮಗಳ ಹೆಸರು ಹೇಳಿದರೆ ಮೊಮ್ಮಗಳೇ ಸರಿ, ಮಗ ಮುನಿಸಿಕೊಳ್ಳಬಾರದು.

ಹಲಗೆ ಯಾರ ಕೈಗೆ?

ನೆರವಾಗುವವರು ಹೇಗಿರಬೇಕೆಂದು ಕಲಿಯಲು ಲೂಕನ ಶುಭಸಂದೇಶದ ಮೊದಲ ಅಧ್ಯಾಯಕ್ಕೆ ಹೋಗೋಣ. ಜಕರೀಯನಿಗೆ ಮಾತು ನಿಂತುಹೋಗಿತ್ತು. ಮಗುವಿಗೆ ಹೆಸರಿಡುವ ದಿನ ನೆರೆಹೊರೆಯವರೂ ಬಂಧುಗಳೂ ತಂದೆಯ ಹೆಸರೇ ಇರಲಿ ಎಂದು ತಾವೇ ತೀರ್ಮಾನಿಸಿಬಿಟ್ಟಿದ್ದರು. ಎಲಿಜಬೇತಮ್ಮ ಒಪ್ಪದಿದ್ದಾಗ ಕೊನೆಗೆ ಸನ್ನೆ ಮಾಡಿ ಅವನನ್ನು ಕೇಳಿದರು. ಅವನು ಬರೆಯುವ ಹಲಗೆ ತರಿಸಿಕೊಂಡು ಬೇರೆಯೇ ಹೆಸರು ಬರೆದ. ಎಲ್ಲರೂ ಬೆರಗಾದರು. ಅವರೆಲ್ಲ ಅವನ ಪ್ರೀತಿಯ ಜನರೇ, ಕೆಟ್ಟದ್ದನ್ನು ಬಯಸಿದವರಲ್ಲ. ಆದರೂ ಅವನ ಮನಸ್ಸಿನಲ್ಲಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಹಲಗೆ ಕೊಟ್ಟ ಮೇಲೆಯೇ ಗೊತ್ತಾಯಿತು.

ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ತಂದೆತಾಯಿ, ಅವನು ಪ್ರಾಯಕ್ಕೆ ಬಂದವನು, ಅವನನ್ನೇ ಕೇಳಿಕೊಳ್ಳಿ ಎನ್ನುತ್ತಾರೆ. ಅವರು ಹೆದರಿ ಹಾಗೆಂದರು, ನಿಜ. ಆದರೂ ಆ ಮಾತು ಸರಿಯಾದದ್ದೇ.

ಹಾಗಾಗಿ ಮತಪತ್ರ ಓದಿ ಹೇಳುವವರು ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೆಸರುಗಳನ್ನೂ, ಕೊನೆಯ ‘ನೋಟಾ’ವನ್ನೂ, ಒಂದೇ ದನಿಯಲ್ಲಿ ಓದಬೇಕು. ಒಂದು ಹೆಸರಿಗೆ ಬಂದಾಗ ದನಿ ಏರಿಸುವುದು, ತೋಳು ಅದುಮುವುದು, ‘ಇವ ನಮ್ಮಾಂವ’ ಎನ್ನುವುದು ಯಾವುದೂ ಸಲ್ಲದು. ಹೆಸರುಗಳು ಮರಾಠಿ ಅಕ್ಷರದಲ್ಲಿದ್ದರೆ ನಿಧಾನವಾಗಿ ಎರಡು ಸಲ ಓದಿ. ಚಿಹ್ನೆಯೊಂದನ್ನೇ ನೆನಪಿಟ್ಟುಕೊಂಡ ಹಿರಿಯರು ಅಭ್ಯರ್ಥಿಯ ಹೆಸರನ್ನೂ ಕೇಳಿ ತಿಳಿದಿರುವುದು ಒಳ್ಳೆಯದು. ಮಾತು ಬಾರದವರು ಬೆರಳಿಟ್ಟು ತೋರಿಸಲಿ, ಅವಸರ ಬೇಡ, ಅಧಿಕಾರಿಗಳು ಕಾಯುತ್ತಾರೆ. ಅವರು ಹೇಳಿದ ಹೆಸರು ನಮಗೆ ಒಂದಿಷ್ಟೂ ಹಿಡಿಸದವನದಾಗಿದ್ದರೂ ಗುರುತು ಅಲ್ಲೇ ಬೀಳಬೇಕು. ಕೇಳಿದ್ದು, ಕಂಡದ್ದು ಅಲ್ಲಿಗೇ ಮುಗಿಯಬೇಕು. ಹೆಂಡತಿಗೂ ಹೇಳಬಾರದು, ಗುರುಗಳಿಗೂ ಹೇಳಬಾರದು. ಯಾರಿಗೆ ಹಾಕಿದೆ ಎಂದು ಹೇಳುವಂತೆ ಸಾಕ್ಷಿಯನ್ನು ಒತ್ತಾಯಿಸಲು ನ್ಯಾಯಾಲಯಕ್ಕೂ ಕಾನೂನು ಅವಕಾಶ ಕೊಟ್ಟಿಲ್ಲ. ಓಣಿಯ ಕಟ್ಟೆಯವರಿಗೆ ಎಲ್ಲಿಯ ಅಧಿಕಾರ?

ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿರುವ ತಂದೆತಾಯಿಗೆ ಒಂದು ಮಾತು. ಅವರಿಗೆ ಮತವೇ ಇಲ್ಲ ಎಂದು ನೀವೇ ಹೆಸರು ಸೇರಿಸದೆ ಬಿಟ್ಟಿದ್ದರೆ ಅದು ತಪ್ಪು ತಿಳಿವಳಿಕೆ. 1950ರ ಜನಪ್ರತಿನಿಧಿ ಕಾಯಿದೆಯ 16ನೇ ಕಲಮಿನ ಪ್ರಕಾರ, ಅಧಿಕಾರವುಳ್ಳ ನ್ಯಾಯಾಲಯ ಬುದ್ಧಿಸ್ವಾಧೀನವಿಲ್ಲದವರೆಂದು ಘೋಷಿಸಿದ್ದರೆ ಮಾತ್ರ ಹೆಸರು ಪಟ್ಟಿಗೆ ಬರದು. ವೈದ್ಯರ ಚೀಟಿ, ಓಣಿಯವರ ಮಾತು, ಮನೆಯವರ ನಾಚಿಕೆ ಇವು ಯಾವುವೂ ನ್ಯಾಯಾಲಯವಲ್ಲ.

ನಮ್ಮ ಪಟ್ಟಿ, ಬೇರೆಯವರ ಕೈ

ಮನೆಗೆ ಪರಮಪ್ರಸಾದ ಒಯ್ಯುವವರ ಬಳಿ ಇರುವ ಹೆಸರುಗಳ ಪಟ್ಟಿ ಈ ಕೆಲಸಕ್ಕೆ ಬಹಳ ಉಪಯೋಗ. ಅದರ ಬೆಲೆ ನಮಗಿಂತ ಹೆಚ್ಚಾಗಿ ಪಕ್ಷದವರಿಗೆ ಗೊತ್ತು. ‘ನಾವೇ ಗಾಡಿ ಕೊಡತೀವಿ, ನಾವೇ ಅರ್ಜಿ ತುಂಬತೀವಿ, ಹೆಸರ ಅಷ್ಟ ಕೊಡ್ರಿ’ ಎಂದು ಯಾರು ಬಂದರೂ, ನಮಗೆ ಬೇಕಾದವರೇ ಬಂದರೂ, ಕೊಡಬಾರದು. ಕಾಯಿಲೆಯವರು ಆ ಹೆಸರನ್ನು ನಮಗೆ ಕೊಟ್ಟದ್ದು ಪರಮಪ್ರಸಾದಕ್ಕಾಗಿ. ನಾವು ಸಹ ಅದನ್ನು ಹಿಡಿದು ಅವರ ಮನೆಗೆ ಹೋಗುವುದು ಕೇಳಲು ಮಾತ್ರ.

ಈಗಲೇ ಮಾಡಬಹುದಾದದ್ದು

ಚುನಾವಣೆ ದೂರವಿದ್ದಾಗ ಮಾಡುವ ಕೆಲಸವೇ ಹೆಚ್ಚು. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ, ಹೆಸರಿನ ಮುಂದೆ ಅಂಗವಿಕಲರೆಂದು ಗುರುತಾಗಿದೆಯೇ ನೋಡಿ. ಗುರುತಿಲ್ಲದಿದ್ದರೆ ನಮೂನೆ 8 ತುಂಬಿ ಕೊಡಬೇಕು. ವಿಳಾಸ ಬದಲಿಸಲು, ತಿದ್ದುಪಡಿಗೆ, ಈ ಗುರುತಿಗೆ ಎಲ್ಲಕ್ಕೂ ಅದೇ ನಮೂನೆ. ಬಿ.ಎಲ್.ಒ. ಬಳಿಯೂ ಸಿಗುತ್ತದೆ, ಮೊಬೈಲಿನಲ್ಲೂ ತುಂಬಬಹುದು. ಅಂಗವೈಕಲ್ಯದ ದಾಖಲೆ ಇಲ್ಲದವರನ್ನು ಈಗಲೇ ತಪಾಸಣೆಗೆ ಕರೆದೊಯ್ಯಿರಿ. ಅದು ಐದು ದಿನದಲ್ಲಿ ಆಗುವ ಕೆಲಸವಲ್ಲ. ತಡವಳದ ಕಡೆಯವರು ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗುವಾಗ ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಹೋದರೆ ನೆರವಿಗೆ ಒಬ್ಬರೇ ಸಾಕಾಗುತ್ತಾರೆ.

ಇಲ್ಲಿ ಹೇಳಿದ್ದು ಲೋಕಸಭೆ, ವಿಧಾನಸಭೆ ಚುನಾವಣೆಗಳ ಮಾತು. ಗ್ರಾಮ ಪಂಚಾಯತಿ, ಜಿಲ್ಲಾ ಪರಿಷತ್ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅವುಗಳ ನಿಯಮ ಬೇರೆ. ಅವು ಬಂದಾಗ ತಹಸೀಲ್ ಕಚೇರಿಯಲ್ಲಿ ಬೇರೆಯಾಗಿ ವಿಚಾರಿಸಿ. ಅಲ್ಲಿಯವರೆಗೆ ಟಂಟಂ ಇದ್ದವರು ತಮ್ಮ ಹೆಸರನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಬರೆಸಿಡಿ.